ಅಂಟಿಸದ ಚೀಟಿ

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ
ಸೀಮೆಎಣ್ಣೆ ಸ್ಟೌ ಮೇಲೆ ಕಾಸುತ್ತಿದ್ದೆ.
ತಿಳಿನೀಲಿ ಅಂಟು. ನಾಲಗೆಗೆ ತಾಗೀತು ಜೋಕೆ,
ಎನ್ನುತ್ತಿದ್ದರು ಆರಾಧ್ಯ ವಕೀಲರು,
ಕಾನೂನು ತಿನ್ನುವ ಹುಳ ಸಾಯಲೆಂದೇ ಅದು.

ಚಾಮರಾಜಪುರಂ, ಕೋರ್ಟಿನ ಹಿಂದಿನ ರಸ್ತೆ,
ಹೆಂಚಿನ ಮಹಡಿ. ನನ್ನ ಕೆಲಸ
ತಿದ್ದುಪಡಿ ಚೀಟಿ ಅಂಟಿಸುವುದು.
ದಿಲ್ಲಿಯಲ್ಲಿ ಯಾರೋ ಕೈಯೆತ್ತುತ್ತಿದ್ದರು,
ತಿಂಗಳು ಕಳೆದು ಅಂಚೆಯಲ್ಲಿ ಬರುತ್ತಿತ್ತು
ಬೆರಳಗಲದ ಕಾಗದ.
ಹಳೆಯ ಸಾಲಿನ ಮೇಲೆ ಹೊಸ ಸಾಲು ಕೂರಿಸಿ
ಸೆರಗಿನಿಂದ ಒತ್ತಿ, ಮೇಲೊಂದು ಗುಂಡುಕಲ್ಲು.
ತಿಂಗಳಿಗೆ ನಲವತ್ತು ರೂಪಾಯಿ.

ತುರ್ತು ಪರಿಸ್ಥಿತಿ ಬಂದಾಗ ಬಂದವು
ಆಜ್ಞೆ, ತಿದ್ದುಪಡಿ, ಅಧಿಸೂಚನೆ, ಕಂತೆಕಂತೆ.
ಪುಸ್ತಕ ಉಬ್ಬಿತು. ಮುಚ್ಚಲಾರದೆ
ಬಾಯಿ ತೆರೆದೇ ಮಲಗುತ್ತಿತ್ತು ರಾತ್ರಿಯಿಡೀ.
ಎಲ್ಲಾ ಅಂಟಿಸು ಅಂದರು ವಕೀಲರು.
ಅಂಟಿಸಿದೆ. ಅದನ್ನೂ ಹೇಳಬೇಕು.
ಕೆಳಗಿನ ಅಕ್ಷರ ಕಾಣದ ಹಾಗೆ ಅಂಟಿಸಿದೆ,
ನನ್ನ ಕೈ ಅಚ್ಚುಕಟ್ಟು.

ಆ ವಾರವೇ ಭಾವನನ್ನು ಕರೆದೊಯ್ದರು.
ಸಂತೇಪೇಟೆಯ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ
ಬೋರಲಿಂಗಯ್ಯ; ಮಾತು ಕಮ್ಮಿ,
ಎಲೆಅಡಿಕೆ ಜಾಸ್ತಿ. ಮಾಡಿದ ತಪ್ಪೇನೆಂದರೆ
ಸೆನ್ಸಾರಿನವರು ಹೊಡೆದುಹಾಕಿದ ಜಾಗಕ್ಕೆ
ಸಾಬೂನಿನ ಜಾಹೀರಾತು ತುಂಬದೆ
ಖಾಲಿ ಬಿಟ್ಟದ್ದು. ಅಂಗೈಯಗಲ ಬಿಳಿ.
ಪೊಲೀಸರು ಆ ಬಿಳಿಯನ್ನು
ಸಾಕ್ಷಿಯೆಂದು ಮಡಿಸಿ ಜೇಬಿಗಿಟ್ಟರು.

ಯಾಕೆ ಹಿಡಿದಿರಿ ಅಂತ ಅಕ್ಕ ಕೇಳಿದಳು ಜೈಲಿನ ಬಾಗಿಲಲ್ಲಿ.
ಹೇಳಬೇಕಾಗಿಲ್ಲ ಅಂದರು.
ಮತ್ತೆಲ್ಲಿ ಕೇಳಲಿ ಅಂತ ಬಂದಳು ಮಹಡಿಗೆ.
ವಕೀಲರು ನಾನಂಟಿಸಿದ ಪುಟ ತೆರೆದು
ಬೆರಳಿಟ್ಟರು, ಕನ್ನಡಕ ತೆಗೆದರು.
ಈ ಬಾಗಿಲಿಗೆ ಈಗ ಬೀಗ, ತಾಯಿ.
ಪ್ರಾಣ ಹೋದರೂ ಕೋರ್ಟು
ಕೇಳುವ ಹಾಗಿಲ್ಲವಂತೆ.
ಅಕ್ಕನಿಗೆ ಓದು ಬಾರದು. ಪುಟವನ್ನೇ ನೋಡಿದಳು,
ಅಂಟಿನ ನೀಲಿ ಅಂಚನ್ನು,
ಆಮೇಲೆ ನನ್ನ ಉಗುರುಗಳನ್ನು.

ಎಪ್ಪತ್ತೊಂಬತ್ತರಲ್ಲಿ ಬಂತು ನಲವತ್ತನಾಲ್ಕನೆಯದು.
ಭಾವ ಮನೆಗೆ ಬಂದು ಅಷ್ಟರಲ್ಲಿ ಎರಡು ವರ್ಷ,
ಕೆಮ್ಮಿಗೆ ಮಾತ್ರ ಬಿಡುಗಡೆಯಾಗಿರಲಿಲ್ಲ.
ಯಾವ ತುರ್ತೇ ಬರಲಿ, ಹಕ್ಕುಗಳಿಗೆ ಬೀಗ ಹಾಕುವಾಗ
ಇಪ್ಪತ್ತು, ಇಪ್ಪತ್ತೊಂದನ್ನು ಬಿಟ್ಟು.
ಜೀವವನ್ನು ಬಿಟ್ಟು, ಮೈಯ ಬಿಡುಗಡೆಯನ್ನು ಬಿಟ್ಟು.
ಎರಡಕ್ಷರದ ಆ ‘ಬಿಟ್ಟು’ವಿಗೆ
ಮೈಲುತುತ್ತ ಎರಡು ಚಿಟಿಕೆ ಹಾಕಿದೆ ಆವತ್ತು.
ಹಳೇ ಚೀಟಿ ಕಿತ್ತುಬಿಡಲೇ?
ಬೇಡ, ಅದರ ಮೇಲೇ ಅಂಟಿಸು ಅಂದರು,
ಓದುವವರ ಬೆರಳಿಗೆ ಉಬ್ಬು ತಗುಲಲಿ.

ಕಂತೆಯ ತಳದಲ್ಲಿ ಇನ್ನೊಂದಿತ್ತು, ಮೂರನೇ ಕಲಂ.
ವಿಚಾರಣೆಯಿಲ್ಲದೆ ಒಬ್ಬರನ್ನು ಇಡುವುದಾದರೆ
ಮೂರು ತಿಂಗಳಲ್ಲ, ಎರಡೇ; ಅದಕ್ಕೂ ಮೇಲೆ ಅಂದರೆ
ನ್ಯಾಯ ಬಲ್ಲವರು ಕೂತು ಯಾಕೆಂದು ನೋಡಬೇಕು.
ಕೆಳಗೆ ಸಣ್ಣಕ್ಷರ:
ಜಾರಿಯ ದಿನಾಂಕ ಮುಂದೆ ಗೊತ್ತುಪಡಿಸಲಾಗುವುದು.
ಇದಕ್ಕೆ ಅಂಟು ಹಚ್ಚಬೇಡ, ಪುಟದ ನಡುವೆ ಇಟ್ಟಿರು,
ತಾರೀಖು ಬರಲಿ.

ಆರಾಧ್ಯರು ಹೋದರು. ಭಾವನೂ.
ಮಹಡಿ ಕೆಡವಿದ ಜಾಗದಲ್ಲಿ ಮೊಬೈಲು ಮಾರುತ್ತಾರೆ.
ಪುಸ್ತಕ ನನ್ನ ಪಾಲಿಗೆ, ಕ್ಯಾತಮಾರನಹಳ್ಳಿಯ
ಬಾಡಿಗೆ ಮನೆಯ ಅಕ್ಕಿ ಡಬ್ಬದ ಮೇಲೆ.
ಅಕ್ಕನ ಮೊಮ್ಮಗಳು ಲಾ ಓದುತ್ತಾಳೆ. ಫೋನಿನೊಳಗೆ
ಇಡೀ ಸಂವಿಧಾನ, ಎಲ್ಲೂ ಉಬ್ಬಿಲ್ಲ.
ನೋಡೇ, ಮೂರನೇ ಕಲಂ ಜಾರಿಗೆ ಬಂತಾ ಅಂದೆ.
ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು.
ಇಲ್ಲ ಅಜ್ಜಿ, ಇನ್ನೂ.

ಪುಸ್ತಕ ತೆರೆದೆ. ಅಂಟಿಸಿದ್ದೆಲ್ಲ ಗಟ್ಟಿಯಾಗಿದೆ,
ನನಗೆ ನಾಚಿಕೆಯಾಗುವವೂ ಸೇರಿ.
ಈ ಒಂದರ ಮೂಲೆಯನ್ನು ಮಾತ್ರ ಹುಳ ತಿಂದಿದೆ,
ತಿನ್ನದೇನು, ವಿಷ ಸೋಕದ ಕಾಗದ.

ಇವತ್ತು ಗಂದಿಗೆ ಅಂಗಡಿಯವನು ತಕ್ಕಡಿ ಹಿಡಿದು
ಮುಖ ನೋಡಿದ: ಈ ವಯಸ್ಸಲ್ಲಿ
ಮೈಲುತುತ್ತ ಯಾಕಮ್ಮಾ?
ಹೆದರಬೇಡಪ್ಪ, ಕಟ್ಟು ಅಂದೆ,
ಒಂದು ತಾರೀಖು ಬರಬೇಕಾಗಿದೆ.