ಮೇಲಿನವರಿಗೆ ಮಾತ್ರ

ರುಸ್ತಾವಿಯ ಉಕ್ಕಿನ ಕಾರ್ಖಾನೆಯ ಹಿಂದೆ
ತಗಡಿನ ಗ್ಯಾರೇಜುಗಳು ಸಾಲಾಗಿ ಬಿಸಿಲು ಕಾಯಿಸುವಲ್ಲಿ
ನನ್ನಣ್ಣ ಮಾಲ್ಖಾಜ್
ಕಾರಿಗೆ ಹಲ್ಲುಜ್ಜುತ್ತಿದ್ದಾನೆ.
ತಮಾಷೆಯಲ್ಲ. ಟೂತ್‌ಪೇಸ್ಟು, ಸವೆದ ಬ್ರಷ್ಷು,
ಮೂತಿಯ ಜಾಲರಿಯ ಒಂದೊಂದು ಸಂದಿಗೂ.
ಬಂಪರಿನ ತುಕ್ಕಿಗೆ ಚಾಕೊಲೇಟು ಸುತ್ತಿದ ಬೆಳ್ಳಿಹಾಳೆ,
ವಿನೆಗರಿನಲ್ಲಿ ಅದ್ದಿ ಅದ್ದಿ.
ಚಾಕೊಲೇಟು ತಿನ್ನುವ ಕೆಲಸ ನನ್ನದು.

ಮೂವತ್ತಾರು ವರ್ಷದ ಝಿಗುಲಿ.
ಹಾಲು ಹೆಚ್ಚಾದ ಚಹಾದ ಬಣ್ಣ.
ಎಪ್ಪತ್ತು ದಾಟಿದರೆ ಎಡಬಾಗಿಲು ತಾನಾಗಿ ಮಾತಾಡುತ್ತದೆ.
ಅಂಥದಕ್ಕೆ ಹಿಂದೊಂದು ರೆಕ್ಕೆ ಬೇಕಂತೆ,
ಗಾಳಿ ಒತ್ತಿ ಹಿಡಿದು ನೆಲಕ್ಕೆ ಅಂಟಿಸಬೇಕಂತೆ!
ಮಂಚದ ಹಲಗೆಯೊಂದು ಮಾಯವಾಯಿತು.
ಆ ವಾರವೆಲ್ಲ ನಾನು
ನಡು ಕುಸಿದ ಹಾಸಿಗೆಯಲ್ಲಿ ದೋಣಿಯಂತೆ ಮಲಗಿದೆ.

ಚಕ್ರಕ್ಕೆ ಬಣ್ಣ ಹೊಡೆಯುವ ಗುಟ್ಟು ಹೇಳುತ್ತೇನೆ:
ಟೈರಿಗೂ ಉಕ್ಕಿನ ಬಳೆಗೂ ನಡುವಿನ ಸೀಳಿನಲ್ಲಿ
ಇಸ್ಪೀಟೆಲೆಗಳನ್ನು ಸುತ್ತಲೂ ಸಿಕ್ಕಿಸಬೇಕು,
ಸೂರ್ಯಕಾಂತಿಯ ಎಸಳಿನಂತೆ.
ಡಬ್ಬಿ ಚೆನ್ನಾಗಿ ಕುಲುಕಿ, ಒಂದು ಗೇಣು ದೂರದಿಂದ.
ಅಪ್ಪ ರಾತ್ರಿ ಆಟಕ್ಕೆ ಕೂತರೆ
ಇಸ್ಪೀಟಿನ ರಾಣಿಗೆ ಅರ್ಧ ಮುಖ ಕಪ್ಪು.
ಅಪ್ಪ ಸೋತ. ಬೈಗುಳ ನನಗೆ.

ಒಟ್ಟು ಖರ್ಚು ನಲವತ್ತು ಲಾರಿ.
ಅದರಲ್ಲಿ ಆರು ನನ್ನವು, ಬರೆದಿಟ್ಟಿದ್ದೇನೆ.

ಐದನೇ ಮಹಡಿಯ ಬಾಲ್ಕನಿಯಿಂದ
ತ್ಸಿಯಾಲಾ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು.
ಕಾರು ಅವಳದ್ದೇ. ಅಂದರೆ, ಅವಳ ಜೆಮಾಲನದ್ದು.
ಇಪ್ಪತ್ತೆರಡು ವರ್ಷ ಓಡಿಸಿದ,
ಒಂದು ಗೀರು ಬೀಳಗೊಡದೆ.
ಅವನು ಹೋದ ಮೇಲೆ ಅವಳು ಕೆಳಗಿಳಿದಿಲ್ಲ.
ಮಂಡಿ ಬಾರದು. ಲಿಫ್ಟು ನಾಣ್ಯ ನುಂಗಿ
ಮೂರನೇ ಮಹಡಿಯಲ್ಲಿ ಧ್ಯಾನಕ್ಕೆ ಕೂರುತ್ತದೆ.
ಬ್ರೆಡ್ಡು, ಔಷಧಿ, ಕೊತ್ತಂಬರಿ
ಹಗ್ಗದ ಬುಟ್ಟಿಯಲ್ಲಿ ಮೇಲಕ್ಕೆ;
ಚಿಲ್ಲರೆ, ಬುದ್ಧಿಮಾತು ಕೆಳಕ್ಕೆ.

‘ಹೊಟ್ಟೆಗೆ ಪೆಟ್ರೋಲಿಲ್ಲ, ಜುಟ್ಟಿಗೆ ಮಲ್ಲಿಗೆ!’
ಇಡೀ ಅಂಗಳಕ್ಕೆ ಕೇಳುವಂತೆ.

ಮಾಲ್ಖಾಜ್ ತಲೆಯೆತ್ತಿ ಕೂಗಿದ:
‘ಹಳೇ ಕಸೂತಿ ಪರದೆ ಇದೆಯಾ, ಹರಿದದ್ದು?’
‘ಯಾಕೆ, ಮದುವೆಯಾಗ್ತೀಯಾ?’
ಕಿಟಕಿ ಧಡ್ ಎಂದಿತು.
ಸಂಜೆ ಬುಟ್ಟಿ ಇಳಿಯಿತು.
ದ್ರಾಕ್ಷಿಬಳ್ಳಿ ಹೆಣೆದ ಪರದೆ, ಒಗೆದು, ಇಸ್ತ್ರಿ ಮಾಡಿ,
ಹರಿದಲ್ಲಿ ಹೊಲಿಗೆ ಹಾಕಿ.

ಮಾಡನ್ನು ಮೊದಲು ಬೆಳ್ಳಿ ಮಾಡಿದ.
ಒಣಗಿದ ಮೇಲೆ ಪರದೆ ಹಾಸಿ, ಸುಕ್ಕು ಬಿಡಿಸಿ,
ಅಂಚಿಗೆಲ್ಲ ಅಂಟುಪಟ್ಟಿ.
ಅದರ ಮೇಲೆ ಗಾಢ ನೀಲಿ, ಮಂಜಿನಷ್ಟು ತೆಳ್ಳಗೆ, ಮೂರು ಸಲ.
‘ಮುಟ್ಟಬೇಡ’ ಎಂದ.
ಮೆಲ್ಲಗೆ ಎತ್ತಿದಾಗ
ನೂಲಿದ್ದಲ್ಲಿ ಬೆಳ್ಳಿ, ತೂತಿದ್ದಲ್ಲಿ ನೀಲಿ.
ಗೊಂಚಲು ಗೊಂಚಲು.
ಅವಳ ಹೊಲಿಗೆಯೂ ಬಿದ್ದಿತ್ತು,
ಗಾಯ ಮಾಗಿದ ಗೆರೆಯ ಹಾಗೆ.

ಗ್ಯಾರೇಜಿನ ಹುಡುಗರು ಸುತ್ತು ಬಂದರು.
ರೆಕ್ಕೆಗೆ ನಕ್ಕರು, ಚಕ್ರಕ್ಕೆ ಸಿಳ್ಳೆ ಹಾಕಿದರು.
ಮಾಡನ್ನು ಯಾರೂ ನೋಡಲಿಲ್ಲ.
ನೆಲದಲ್ಲಿ ನಿಂತವರಿಗೆ ಕಾಣುವುದೂ ಇಲ್ಲ.

ಕಾರು ತಂದು ಅವಳ ಬಾಲ್ಕನಿಯ ಕೆಳಗೆ ನಿಲ್ಲಿಸಿದ.
ಹಾರ್ನ್ ಮಾಡಲಿಲ್ಲ. (ಹಾರ್ನ್ ಇಲ್ಲ.)
ಅವಳು ಬಂದಳು. ಕಂಬಿ ಹಿಡಿದಳು.
ಒಣಹಾಕಿದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.
ಎಷ್ಟು ಹೊತ್ತೆಂದರೆ
ನಾವು ಕತ್ತು ನೋವಾಗಿ ತಲೆ ತಗ್ಗಿಸಿದೆವು.

‘ಸೊಟ್ಟಗೆ ಹಾಕಿದ್ದೀಯ.’

‘ಸೊಟ್ಟಗಿರೋದು ನಿಮ್ಮ ಕಟ್ಟಡ!’ ಎಂದ ಮಾಲ್ಖಾಜ್.
ಮೇಲಿನಿಂದ ಏನೂ ಬರಲಿಲ್ಲ,
ಬುದ್ಧಿಮಾತು ಕೂಡ.

ಡಿಸೆಂಬರಿನಲ್ಲಿ ರೆಕ್ಕೆ ಮುರಿದು ಒಲೆಗೆ ಹೋಯಿತು.
ಚಕ್ರದ ಕಪ್ಪು ಸುಲಿದು ಬಂತು.
ಹಿಮ ಬಿದ್ದ ಬೆಳಿಗ್ಗೆ ಎಲ್ಲರೂ ಗಾಜು ಕೆರೆಯುತ್ತಿದ್ದರೆ
ಅಣ್ಣ ಪೊರಕೆ ಹಿಡಿದು ಮಾಡು ಗುಡಿಸುತ್ತಾನೆ, ಮೊದಲು.
ಬಲ ಮೂಲೆಯಲ್ಲಿ, ಕೊನೆಯ ಗೊಂಚಲಿನ ಪಕ್ಕ
ಬಳ್ಳಿಗೆ ಸೇರದ ಒಂದು ಹಣ್ಣಿದೆ.
ಅದು ನನ್ನ ಹೆಬ್ಬೆರಳು.
ಐದನೇ ಮಹಡಿಗೆ ಅದು ಕಾಣುವುದೋ ಇಲ್ಲವೋ
ಕೇಳುವ ಧೈರ್ಯ ಬಂದಿಲ್ಲ.