ಗಂಟಲಿನ ಅಳತೆ

ಗೊನೆ ಕಡಿದ ಮೇಲೆ ಬಾಳೆಗೆ ಲೆಕ್ಕವಿಲ್ಲ.
ಮಸಾಕಾದ ದಾರಿಯುದ್ದಕ್ಕೂ ಮಟೋಕೆ ಗೊನೆಗಳು
ಸೈಕಲ್ಲಿನ ಎರಡೂ ಕಡೆ ತೂಗಿಕೊಂಡು ಸಂತೆಗೆ ಹೋಗುತ್ತವೆ;
ದಿಂಡು ತೋಟದಲ್ಲೇ ಬಿದ್ದು ಹುಳ ಹಿಡಿಯುತ್ತದೆ.
ಅದರ ಪಟ್ಟೆ ಸುಲಿಯಲು ಬರುವವಳು ನಮುದ್ದು.
(ಹೆಸರೊಳಗೆ ಮುದ್ದು ಕೂತಿರುವುದು ನನ್ನ ಕಿವಿಗೆ ಮಾತ್ರ.
ಅವಳಿಗೆ ಅದು ಕುಲದ ಗುರುತು, ಅಷ್ಟೇ.)

ಎಬ್ಯಾಯಿ, ಅನ್ನುತ್ತಾಳೆ, ಪಟ್ಟೆಯನ್ನು ಬಿಸಿಲಿಗೆ ತಿರುವಿ.
ನಾನು ನಾರು ಅನ್ನುತ್ತೇನೆ,
ಹೂವಿನ ಜೊತೆ ಸ್ವರ್ಗಕ್ಕೆ ಹೋಗುವ ನಾರು.
ಇಲ್ಲಿ ಹೂವಿಲ್ಲ. ನಾರೇ ನೇರ ಹೊರಟಿದೆ
ಹಲ್ಲು ಮೂಡದ ಬಾಯಿಗೆ.

ಕೋಳಿ, ಮೊಸಳೆ, ಅಂಕೋಲೆ ಹಸು.
ಆ ಹಸುವಿಗೆ ಮೈಗಿಂತ ಕೊಂಬೇ ಹೆಚ್ಚು;
ಮೊನೆಯಿಲ್ಲದ ಕೊಂಬು ಕಲಿಯಲು ಮೂರು ತಿಂಗಳು ಹಿಡಿಯಿತು.
ಹೆಣೆದು, ಮಡಚಿ, ತುದಿಯನ್ನು ಒಳಕ್ಕೆ ಹೊಲಿದು
ತನ್ನದೇ ರೆಪ್ಪೆಯ ಮೇಲೆ ಒತ್ತಿ ನೋಡುತ್ತಾಳೆ.
ಬಣ್ಣದ ಡಬ್ಬಿ ಇಲ್ಲ ಮನೆಯಲ್ಲಿ.
ಕಣ್ಣಿಗೂ ಗೊರಸಿಗೂ ಬಾಳೆಕರೆಯೇ,
ನಾವು ಅಂಗಿಗೆ ತಾಗಿತೆಂದು ಬೈಯುವ ಅದೇ ಕರೆ.

ಗೋಡೆಯ ಮೊಳೆಗೆ ಒಂದು ಬಿದಿರ ನಳಿಗೆ.
ಮೂರು ವರ್ಷದ ಗಂಟಲು ಅಷ್ಟೇ ಅಗಲವಂತೆ,
ಆಸ್ಪತ್ರೆಯಲ್ಲಿ ಕೇಳಿ ಕೊರೆಸಿಕೊಂಡದ್ದು.
ಯಾವ ಗೊಂಬೆಯ ಯಾವ ತುಂಡು ಕಿತ್ತುಬಂದು
ಅದರೊಳಗೆ ಇಳಿದರೂ
ಗೊಂಬೆ ಒಲೆಗೆ.

ನಳಿಗೆಯ ಪಕ್ಕ ಸೀಸೆ, ಸೀಸೆಯಲ್ಲಿ ನೀಲಿ ಗುಂಡಿ.
ಅವಳ ಮೊದಲ ಕೋಳಿಗೆ ಅದೇ ಕಣ್ಣು.
ಪಕ್ಕದ ಮನೆಯ ಲುಕ್ವಾಗೋನನ್ನು ನರ್ಸ್
ತಲೆಕೆಳಗೆ ಹಿಡಿದು ಬೆನ್ನಿಗೆ ಐದನೇ ಸಲ ಗುದ್ದಿದಾಗ
ಸಿಮೆಂಟಿನ ಮೇಲೆ ಬಿದ್ದು ಟಿಣ್ ಅಂದದ್ದು.
ಆ ಸದ್ದಿನ ಬಗ್ಗೆ ನಮುದ್ದು ಮಾತಾಡುವುದಿಲ್ಲ.
ಸೀಸೆಯ ಧೂಳು ಮಾತ್ರ ಒರೆಸುತ್ತಾಳೆ.

ಲುಕ್ವಾಗೋಗೆ ಈಗ ಹನ್ನೊಂದು.
ಶಾಲೆಯಿಂದ ಬಂದವನೇ ಗೊಂಬೆಗಳ ಕಿವಿ ಹಿಂಡಿ,
ಬಾಲ ಜಗ್ಗಿ, ಕಾಲು ತಿರುಚಿ, ಕಚ್ಚಿ ಎಳೆಯುತ್ತಾನೆ.
ಒಂದು ಕಿತ್ತರೆ ಐನೂರು ಶಿಲ್ಲಿಂಗ್.
ಈ ವಾರ ಒಂದೂ ಕಿತ್ತಿಲ್ಲ, ಮುಖ ಊದಿದೆ.

ಮೊನ್ನೆ ಮೇಕೆ ಹಗ್ಗ ಬಿಚ್ಚಿಕೊಂಡು ಬಂದು
ಜಗಲಿಯ ಮೇಲಿಟ್ಟ ಹಸುವನ್ನು
ಬಾಲದಿಂದ ಶುರುಮಾಡಿ ಕೊಂಬಿನವರೆಗೂ ಮೇಯ್ದುಬಿಟ್ಟಿತು.
ರಾತ್ರಿ ಎರಡು ಸಲ ಎದ್ದು, ದೀಪ ಹಿಡಿದು
ಅದರ ಹೊಟ್ಟೆ ಮುಟ್ಟಿ ನೋಡಿದಳು.
ಬೆಳಿಗ್ಗೆ ಅದು ಸೊಪ್ಪಿಗಾಗಿ ಅರಚಿತು.

ನಮುದ್ದು ಲೆಕ್ಕದ ಪುಸ್ತಕ ತೆಗೆದು
ಹಸುವಿನ ಸಾಲಿನಲ್ಲಿ ಬರೆದಳು:
ಮೇಕೆ, ಪಾಸು.
ನಷ್ಟದ ಕಾಲಮ್ಮಿನಲ್ಲಿ: ಒಂದು.