ರಿಯಾಯಿತಿ

ತಾಪಕೀರ ಗಲ್ಲಿಯಲ್ಲಿ ನನ್ನದೊಂದು ಅಂಗಡಿ ಇತ್ತು, ಮೂರಡಿ ಅಗಲ.
ಮೇಲೆ ರೇಡಿಯೋ ರಿಪೇರಿ, ಕೆಳಗೆ ಚರಂಡಿ,
ನಡುವೆ ನಾನು, ಒಂದು ಸ್ಟೂಲು,
ಸಿಡಿ ಬರೆಯುವ ನಾಲ್ಕು ಯಂತ್ರ.
ಊರು ಅಕ್ಕಲಕೋಟೆ. ಪುಣೆಗೆ ಬಂದು ಮಾತೆಲ್ಲ ಮರಾಠಿ,
ಆದರೆ ಪರದೆಯ ಮೇಲೆ ಹಸಿರು ಪಟ್ಟಿ ತುಂಬುವಾಗ
ಎಣಿಕೆ ಇನ್ನೂ ಕನ್ನಡದಲ್ಲೇ:
ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು,
ಅಲ್ಲೇ ನಿಲ್ಲುತ್ತಿತ್ತು ಸ್ವಲ್ಪ ಹೊತ್ತು,
ಉಸಿರು ಹಿಡಿದು ನಾನೂ.

ಜಿಲ್ಲಾ ಕಚೇರಿಯ ನಲವತ್ತು ಕಂಪ್ಯೂಟರಿಗೆ
ಜೀವ ತುಂಬಿದ್ದು ಒಂದೇ ಸಿಡಿಯಿಂದ.
ಕೀಲಿಯ ಇಪ್ಪತ್ತೈದು ಅಕ್ಷರ ನನಗೆ ಬಾಯಿಪಾಠ,
ಅಜ್ಜಿಗೆ ವಚನ ಇದ್ದ ಹಾಗೆ.
ಢಮಢೆರೆ ಬಾಯಿ ಚಹಾ ತರಿಸಿ ಕೇಳಿದ್ದರು,
"ಇದು ಕಳ್ಳಮಾಲಲ್ಲ ತಾನೇ?"
"ಸರಕಾರದ ಮನೆಯೊಳಗೆ ಕಳ್ಳಮಾಲು ಎಲ್ಲಿಂದ ಬಾಯಿ?"
ನಕ್ಕರು. ಇನ್ನೊಂದು ಬಿಸ್ಕೀಟು ಕೊಟ್ಟರು.

ಆಮೇಲೆ ಕಂಪನಿಯವರು ಬಂದರು.
ಹೆದರಿಸಲಿಲ್ಲ, ಬಯ್ಯಲಿಲ್ಲ,
ಕಾಜು ಕತಲಿಯ ಡಬ್ಬಿ ತಂದಿದ್ದರು.
ಬಡ ದೇಶದ ಸರಕಾರಕ್ಕೆ ದರವೇ ಬೇರೆಯಂತೆ,
ನೂರಿದ್ದದ್ದು ಎಂಟು.
ಸಾಹೇಬರು ಎಂಟನ್ನು ಐದಕ್ಕೆ ಇಳಿಸಿದರು.
"ಇಲ್ಲವಾದರೆ ತಾಪಕೀರ ಗಲ್ಲಿ ದೂರವೇನಿಲ್ಲ" ಅಂದರಂತೆ
ಕಿಟಕಿಯ ಕಡೆ ಗದ್ದ ಎತ್ತಿ.
ಆ ಕಿಟಕಿಯಿಂದ ನನ್ನ ಅಂಗಡಿ ಕಾಣುವುದಿಲ್ಲ.
ಆದರೂ ಅವತ್ತು ಆ ಮೇಜಿನ ಮೇಲೆ ನಾನಿದ್ದೆ,
ತಕ್ಕಡಿಯ ಕಲ್ಲಿನ ಹಾಗೆ.

ಸಹಿಯಾಯಿತು. ಹಾರ, ಫೋಟೋ.
ಹಳೆಯದನ್ನು ತೆಗೆದು ಹೊಸದನ್ನು ಹಾಕಲು
ಕರೆದದ್ದು ನನ್ನನ್ನೇ.
ಪರದೆ ಅದೇ, ನೀಲಿ ಅದೇ,
ಡಬ್ಬದ ಬೆನ್ನಿಗೆ ಹೊಳೆಯುವ ಚೀಟಿಯೊಂದು ಹೊಸದು.

ಅಕ್ಷರದ ಮಾತು ಮಾತ್ರ ಯಾರೂ ಎತ್ತಲಿಲ್ಲ.
ಹೊಲದ ಉತಾರ, ಸಾವಿನ ದಾಖಲೆ, ನೀರಪಟ್ಟಿಯ ನೋಟೀಸು
ಎಲ್ಲ ಮೂಡುವುದು ನರಹರಿ ಗದ್ರೆಯವರ ಅಕ್ಷರದಲ್ಲಿ.
ಸದಾಶಿವ ಪೇಠೆ, ಎರಡನೇ ಮಹಡಿ, ಒಬ್ಬರೇ ಕೂತು
ಹನ್ನೊಂದು ವರ್ಷ ಬಿಡಿಸಿದ್ದು.
ಬೀಗವೆಂದು ಡಾಂಗಲ್ ಇಟ್ಟಿದ್ದರು, ಹೆಬ್ಬೆರಳಷ್ಟು ದಪ್ಪ.
ನಾನದನ್ನು ಒಡೆದದ್ದು ಒಂದು ಭಾನುವಾರ
ಊಟಕ್ಕೆ ಮುಂಚೆ.

ಐದು ವರ್ಷದ ಮೇಲೆ, ಶ್ರಾವಣದಲ್ಲಿ, ಅವರೇ ಬಂದರು.
ಕೊಡೆಯ ನೀರಿಗೆ ನನ್ನ ಸ್ಟೂಲು ಒದ್ದೆ.
ಹಾರ್ಡ್ ಡಿಸ್ಕು ಸತ್ತಿತ್ತು, ಫ್ಲಾಪಿಗಳಿಗೆಲ್ಲ ಬೂಸರು.
"ಗದ್ರೆ ಫಾಂಟ್ ಇದೆಯಾ?" ಅಂದರು,
ಹೆಸರು ಬೇರೆ ಯಾರದೋ ಎಂಬಂತೆ.
ಇತ್ತು. ಮುನ್ನೂರು ಫಾಂಟಿನ ಜೊತೆ, ಎಂಬತ್ತು ರೂಪಾಯಿ.

ತೆರೆದೆ. ಕನ್ನಡಕ ಹಣೆಗೇರಿಸಿ ಬಗ್ಗಿದರು.
ಳಕಾರ ದೊಡ್ಡದು ಮಾಡು ಅಂದರು. ಇನ್ನೂ. ಇನ್ನೂ.
ಪರದೆ ತುಂಬ ಒಂದೇ ಅಕ್ಷರ,
ತಲೆಗೆರೆಗೆ ಜೋತುಬಿದ್ದ ಎರಡು ಸುಳಿ.
ಬೆರಳನ್ನು ಗಾಜಿಗೆ ತಾಗಿಸಿ
"ಒಡೆದವನು ಇದರ ಸೊಂಟ ಮುರಿದಿದ್ದಾನೆ" ಅಂದರು.
ಯಾರು ಒಡೆದದ್ದೆಂದು ಕೇಳಲಿಲ್ಲ.
ನನಗೆ ಗೊತ್ತೇ ಇರಲಿಲ್ಲ. ಐದು ವರ್ಷ
ಇಡೀ ಜಿಲ್ಲೆ ಸೊಂಟ ಮುರಿದ ಳ ಓದಿತ್ತು,
ಯಾರೂ ದೂರು ಕೊಟ್ಟಿರಲಿಲ್ಲ.

"ಹಾಗೇ ತಗೊಂಡು ಹೋಗಿ ಕಾಕಾ."
"ಬೇಡ."
"ಅರ್ಧ ಕೊಡಿ."
"ನಾನೇನು ಸರಕಾರವಾ, ರಿಯಾಯಿತಿಗೆ?"
ಹತ್ತರ ಎಂಟು ನೋಟು ಎಣಿಸಿಟ್ಟರು,
ಮಳೆಗೆ ಒಂದಕ್ಕೊಂದು ಅಂಟಿದ್ದವು.
ಆಮೇಲೆ ರಸೀದಿ ಕೇಳಿದರು.

ರಸೀದಿ ಪುಸ್ತಕ ಆ ಗಲ್ಲಿಯಲ್ಲೇ ಯಾರ ಬಳಿಯೂ ಇರಲಿಲ್ಲ.
ಸಿಡಿಯ ಕವರು ತಿರುವಿ ಮಾರ್ಕರಿನಲ್ಲಿ ಬರೆದೆ, ಮರಾಠಿಯಲ್ಲಿ,
ಎಂಬತ್ತು ರೂಪಾಯಿ ಮಿಳಾಲೆ.
ಮಿ ಆಯಿತು. ಮುಂದೆ ಕೈ ನಿಂತಿತು,
ತೊಂಬತ್ತೊಂಬತ್ತರಲ್ಲಿ ನಿಂತ ಹಾಗೆ.
ಕೊನೆಗೆ ಮೂಡಿದ್ದು
ಅಕ್ಕಲಕೋಟೆಯ ಶಾಲೆಯಲ್ಲಿ ಮಾಸ್ತರರು ಕೈಹಿಡಿದು ತಿದ್ದಿಸಿದ್ದ
ಕನ್ನಡದ ಳ.

ಗದ್ರೆ ನೋಡಿದರು.
ತಿದ್ದಲಿಲ್ಲ.
ಮಸಿ ಒಣಗಲಿ ಎಂದು ಊದಿ, ಕಿಸೆಗಿಟ್ಟುಕೊಂಡರು.